ಹೈ ಅಂದ್ರ ದೊಡ್ಡದು

ಟೆಸ್ಟಿಂಗ್ ಬೆಂಚಿಗೆ ಹೊಸಾಗಿ ಬರೋ ಹುಡುಗ್ಯಾರು ಎಲ್ಲಾರೂ ನನಗ ಒಂದ ಮಾತು ಹೇಳ್ತಿದ್ರು: "ಅಕ್ಕಾರ, ಬ್ಲಿಂಕ್ ಅಂದ್ರ ಏನ್ ಮಹಾ ಕೆಲಸರಿ? ಬೋರ್ಡ್ ಕಂಪ್ಯೂಟರಿಗೆ ಹಚ್ಚೋದು, ಬಟನ್ ಒತ್ತೋದು, ದೀಪ ಮಿಣಮಿಣ ಅಂತೈತಿ. ಚಹಾ ಕುದಿಯೂದ್ರಾಗ ಮುಗೀತು." ಮುಗೀತೈತ್ರೆವಾ, ಯಾಕ ಮುಗಿಯಂಗಿಲ್ಲ! ನಿಮಗ ಚಹಾ ಕುದಿಯೂದ್ರಾಗ ಮುಗಿಯೋ ಕೆಲಸ ನನ್ನ ಟೇಬಲ್ಲ ಕಸಗೊಂಡು ಹೋಗೂದಿತ್ತು. ಹೆಂಗ ಹೋಗೂದಿತ್ತು, ಹೆಂಗ ಉಳೀತು ಅಂತ ಬರದಿಡ್ತೇನಿ. ಓದಿ ನಗ್ರಿ, ನನಗೇನೂ ಸಿಟ್ಟಿಲ್ಲ. ನಾನೂ ನಕ್ಕೇನಿ, ಆದ್ರ ಆಮ್ಯಾಲೆ.

ನಾನು ಪದ್ಮಾವತಿ. ತವರುಮನಿ ಕುರುಂದವಾಡ, ಕೊಟ್ಟಿದ್ದು ಇಚಲಕರಂಜಿಗೆ, ದುಡದದ್ದು ಗೋಕುಳ ಶಿರಗಾಂವದ ಒಂದು ಕಂಟ್ರೋಲ್ ಪ್ಯಾನಲ್ ಕಂಪನಿಯೊಳಗ. ಎಲ್ಲಾ ಗಡಿ ಆಚೆ ಊರು, ಸಾಲಿ ಎಲ್ಲಾ ಮರಾಠಿ. ಕನ್ನಡ ಓದೋದು ಬರಿಯೋದು ನಮ್ಮಪ್ಪ ಮನಿಯಾಗ ಕೂಡ್ರಿಸಿಕೊಂಡು ಕಲಿಸಿದ್ದು. ಹಂಗಾಗಿ ಅಕ್ಷರ ಅಲ್ಲಲ್ಲಿ ಕಾಲು ಜಾರಿದ್ರ ಕೈ ಹಿಡದು ಎತ್ತಿಕೊಂಡು ಓದ್ರಿ. ಹೋದ ವರ್ಷ ರಿಟೈರ್ ಆದೆ. ಶಾಲು ಹೊಚ್ಚಿದ್ರು, ಭಾಷಣ ಮಾಡಿದ್ರು, ಅದನ್ನ ಇಲ್ಲಿ ಬರಿಯಂಗಿಲ್ಲ. ಶಾಲು ಎಲ್ಲಾರಿಗೂ ಹೊಚ್ಚತಾರ.

ನಾ ಕೆಲಸಕ್ಕ ಸೇರಿದಾಗ ನಮ್ಮ ಪ್ಯಾನಲ್‌ನಾಗ ಬುದ್ಧಿ ಅಂದ್ರ ರಿಲೇ ಮತ್ತ ಟೈಮರ್. ಮೋಟರ್ ಯಾವಾಗ ಸುರು ಆಗಬೇಕು, ಯಾವಾಗ ನಿಂದರಬೇಕು ಅನ್ನೋದನ್ನ ಆ ಡಬ್ಬಿಗೋಳ ನೋಡ್ಕೊಳ್ತಿದ್ದು. ಒಳಗ ಟಕ್ ಅಂತಿದ್ದು, ನಾವು ಕಿವಿಲೆ ಪಾಸ್ ಮಾಡ್ತಿದ್ವಿ. ಒಳ್ಳೆ ರಿಲೇ ಟಕ್ ಅಂತೈತಿ, ಕೆಟ್ಟದ್ದು ಟರ್ರ್ ಅಂತೈತಿ. ಮೀಟರ್ ಇರತಿತ್ತು, ಇಲ್ಲಂತಲ್ಲ, ಆದರ ಮೀಟರ್ ಸುಮ್ಮನ ಸಾಕ್ಷಿ ಹೇಳಾಕ. ಪ್ಯಾನಲ್ಲ ಮೊದಲನೇ ಸಲ ಕರೆಂಟ್ ಕುಡದು ಉಸಿರು ಬಿಡೂದು ನನ್ನ ಟೇಬಲ್ಲಿನ ಮ್ಯಾಲೆ. ಅದನ್ನ ನೋಡೂದು ನನಗ ಭಾಳ ಹೌಸಿ. ದಿನಾ ನೋಡಿದ್ರೂ ಬ್ಯಾಸರಾಗತಿರಲಿಲ್ಲ.

ಆ ಕಾಲದ ಒಂದು ಕೇಸ್ ಹೇಳಬೇಕು. ಗಡಹಿಂಗ್ಲಜ ಕಡಿಯವರೊಬ್ಬರು ಬೆಲ್ಲದ ಗಾಣದ ಮಾಲಕರು ತಮ್ಮ ಪ್ಯಾನಲ್ಲ ಟೆಂಪೋದಾಗ ಹಾಕ್ಕೊಂಡು ಬಂದಿದ್ರು. ಗಾಣದ ಮೋಟರ್ ಮನಸಿಗೆ ಬಂದಾಗ ಸುರು, ಮನಸಿಗೆ ಬಂದಾಗ ಗಪ್. "ಬಾಯಾರ, ಯಾರೋ ಮಾಡಿಸ್ಯಾರ್ರಿ. ಲಿಂಬೆಹಣ್ಣು ಕೊಯ್ಸಿದ್ದೂ ಆತು," ಅಂದ್ರು. ನಾ ಮುಚ್ಚಳ ತಗದೆ. ರಿಲೇದ ಒಳಗ ಇರುವಿ! ಸಾಲಲ್ಲ, ಜಾತ್ರಿ. ಬೆಲ್ಲದ ಕೈಲೆ ಸ್ವಿಚ್ ಒತ್ತಿ ಒತ್ತಿ ಪ್ಯಾನಲ್ಲೇ ಸೀ ಆಗಿತ್ತು. ಪಾಯಿಂಟ್ ಕೂಡಬೇಕಂದ್ರ ನಡಬರಕ ಇರುವಿ ಸಿಗಬೀಳ್ತಿದ್ದು. ಸ್ವಚ್ಛ ಮಾಡಿ ಕೊಟ್ಟು, "ಮಾಡಿಸಿದವರು ಇವರ ನೋಡ್ರಿ, ಆರು ಕಾಲಿನವರು," ಅಂದೆ. ಅವರು ನಕ್ಕು ಮುಂದಿನ ವಾರ ಒಂದು ಬೆಲ್ಲದ ಪೆಂಟಿ ಕಳಿಸಿದ್ರು. ಬೆಂಚಿನ ಮ್ಯಾಲೆ ಮಾತ್ರ ಇಡಗೊಡಲಿಲ್ಲ ನಾನು.

ನಮ್ಮ ಸೂಪರ್ವೈಸರ್ ದತ್ತಾಜಿ. ಮರಾಠಿ ಮನುಷ್ಯ, ಕನ್ನಡ ತಿಳೀತಿತ್ತು, ಮಾತಾಡತಿರಲಿಲ್ಲ. ನಾ ಇಲ್ಲಿ ಅವರ ಮಾತು ಕನ್ನಡದಾಗ ಬರೀತೇನಿ, ಸಿಟ್ಟು ಮಾತ್ರ ಅವರದ. ಮನುಷ್ಯ ಕೆಟ್ಟವರಲ್ಲ. ಆದರ ಮುಖ ನೋಡಿದ್ರ ಮುಂಜಾನೆದ್ದು ಯಾರೋ ಹಾಲು ಉಕ್ಕಿಸ್ಯಾರ ಅನ್ನೋಹಂಗ ಇರತಿತ್ತು. ಶಹಬಾಸ್ ಅನ್ನೋ ಶಬ್ದ ಅವರ ಬಾಯಾಗ ಹುಟ್ಟಿದ್ದ ಇಲ್ಲ. ಕೆಲಸ ಚೊಲೊ ಆದ್ರ "ಹಂ" ಅಂತಿದ್ರು. ನಾವು ಆ ಹಂ ಸಲುವಾಗಿ ಜೀವಾ ತೇಯ್ದೀವಿ.

ಇಷ್ಟರಾಗ ಮಾಲಕರ ಮಗಳು ಮೃಣಾಲ್ ಇಂಜಿನಿಯರಿಂಗ್ ಮುಗಿಸಿ ಕಂಪನಿಗೆ ಬಂದ್ಲು. ಹಸನ್ಮುಖಿ ಹುಡುಗಿ, ನನಗ ಕಾಕು, ಅಂದ್ರ ಕಾಕಿ, ಅಂತಿದ್ಲು; ಆಕೀದೂ ಬರೇ ಮರಾಠಿ, ನಾ ಇಲ್ಲಿ ಕನ್ನಡದಾಗ ಬರೀತೇನಿ. ಮೊದಲನೇ ವಾರನ ಎಲ್ಲಾರನ್ನೂ ಕೂಡ್ರಿಸಿ, ಅಂಗೈ ಅಷ್ಟು ಒಂದು ನೀಲಿ ಬೋರ್ಡ್ ತೋರಿಸಿ ಹೇಳಿದ್ಲು: ಇನ್ನ ಮ್ಯಾಲೆ ರಿಲೇಗೆ ಬುದ್ಧಿ ಇದು ಹೇಳತೈತಿ. ಇದಕ್ಕ ನಾವು ಬರದು ಕೊಡಬೇಕು, ಬರದದ್ದನ್ನ ಅದು ಚಾಚೂ ತಪ್ಪದ ಮಾಡತೈತಿ. ನಾ ಬಗ್ಗಿ ನೋಡಿದೆ. ಟಕ್ ಇಲ್ಲ, ಟರ್ರ್ ಇಲ್ಲ. ಅಂಗಾತ ಬಿದ್ದ ಜಿರಳಿ ಹಂಗ ಕಾಲು ಚಾಚಿಕೊಂಡ ಒಂದು ಕರೀ ತುಣುಕು, ಅಷ್ಟ.

ದತ್ತಾಜಿ ಆವಾಗ ಒಂದು ಮಾತು ತಗದ್ರು. "ಟೆಸ್ಟಿಂಗ್ ಬೆಂಚಿನ ಮ್ಯಾಲೆ ಇನ್ನ ಈ ಬೋರ್ಡ್ ಬರ್ತಾವು. ಬೋರ್ಡ್ ನಡಸಾಕ ಬರೋರು ಬೆಂಚಿನ ಮ್ಯಾಲೆ ಕೂಡ್ತಾರ. ಬರಲಾರದವರು ಪ್ಯಾಕಿಂಗಿಗೆ." ಬೆಂಚಿನ ಮ್ಯಾಲೆ ಟೆಸ್ಟಿಂಗ್ ಮಾಡೋ ಹಳೇ ಕೈ ನಂದೊಂದ. ನನ್ನ ಬಾಜು ಕೂಡೂದು ಸುಳಕೂಡ ಊರಿನ ನೀಲವ್ವ, ಆಕಿ ವೈರ್ ಕತ್ತರಿಸಿ ತುದಿ ಹೊಡಿಯಾಕಿ, ವೈರ್ ಎಲ್ಲಾ ಕಾಲಕ್ಕೂ ಬೇಕು. ಅಂದ್ರ ದತ್ತಾಜಿ ಹೇಳಿದ್ದು ನನಗ ಅಂತ ಎಲ್ಲಾರಿಗೂ ತಿಳೀತು. ಅವರು ನನ್ನ ಕಡೆ ನೋಡಲಿಲ್ಲ, ಅದ ಭಾಳ ಮನಸಿಗೆ ಹತ್ತಿತು.

ಪ್ಯಾಕಿಂಗ್ ಕೆಟ್ಟ ಕೆಲಸ ಅಂತಲ್ಲ. ಪಗಾರ ಅಷ್ಟ, ರಜಾ ಅಷ್ಟ, ಕಿಡಕಿ ಸೈತ ದೊಡ್ಡದು. ಆದರ ಅಲ್ಲಿ ಬರೂದು ಕೆಲಸ ಮುಗದ ಪ್ಯಾನಲ್ಲ, ಬಾಯಿ ಮುಚ್ಚಿದ್ದು. ಥರ್ಮಾಕೋಲ್ ಹಾಕಿ ಟೇಪ್ ಸುತ್ತಿದ್ರ ಆತು. ಒಂದು ವಸ್ತು ಮೊದಲನೇ ಸಲ ಜೀವ ಹಿಡಿಯೂದನ್ನ ನೋಡಾಕ ನಾ ದಿನಾ ಎರಡು ಬಸ್ ಬದಲ ಮಾಡಿ ಬರತಿದ್ದೆ. ಥರ್ಮಾಕೋಲ್ ನೋಡಾಕಲ್ಲ. ನೀಲವ್ವ ಸಮಾಧಾನ ಹೇಳಾಕ ಬಂದ್ಲು: "ಪದ್ಮಕ್ಕ, ಆ ಕಿಡಕಿಯಾಗ ಗಾಳಿ ಭಾಳ ಚಂದ ಬರತೈತಿ." "ನೀನ ಹೋಗಿ ಕುಡಿ ಆ ಗಾಳಿ," ಅಂದೆ. ಆಕಿ ಮತ್ತ ತನ್ನ ವೈರ್ ಕತ್ತರಸಾಕ ಹತ್ತಿದ್ಲು.

ಮೃಣಾಲ್ ನನಗ ಒಂದು ಬೋರ್ಡ್ ಕೊಟ್ಟು, "ಕಾಕು, ಘಾಬರಿ ಆಗಬ್ಯಾಡ್ರಿ. ಮೊದಲ ದೀಪ ಮಿಣಕಸೂದು ಕಲೀರಿ. ಜಗತ್ತಿನಾಗ ಎಲ್ಲಾರೂ ಅಲ್ಲಿಂದನ ಸುರು ಮಾಡ್ತಾರ," ಅಂದ್ಲು. ಬೋರ್ಡಿನ ಮ್ಯಾಲೇನ ಸಾಸವಿಕಾಳಿನಷ್ಟು ಒಂದು ದೀಪ ಇರತೈತಿ. ಒಂದು ಸೆಕೆಂಡ್ ಹತ್ತಬೇಕು, ಒಂದು ಸೆಕೆಂಡ್ ಬಂದ ಇರಬೇಕು. ಅದು ಮಿಣಕಿದ್ರ ಬೋರ್ಡ್ ಜೀವಂತ ಐತಿ, ಕಂಪ್ಯೂಟರ್ ಅದರ ಕೂಡ ಮಾತಾಡಾಕತ್ತೈತಿ, ನೀವು ಬರದದ್ದು ಅದಕ್ಕ ಮುಟ್ಟೇತಿ ಅಂತ ಅರ್ಥ.

ಮುಟ್ಟಬೇಕಲ್ಲ! ಅವತ್ತ ಪೂರ್ತಿ ಮುಂಜಾನಿ ಕಂಪ್ಯೂಟರ್ ನನಗ ಕೆಂಪು ಅಕ್ಷರಲೆ ಬೈದ ಬೈತು. ಬೋರ್ಡ್ ಎಲ್ಲೂ ಕಾಣವಲ್ದು ಅಂತ ಅದರ ತಕರಾರು. ಬೋರ್ಡ್ ನನ್ನ ಮೂಗಿನ ಕೆಳಗ ಐತಿ, ಅದರ ಮ್ಯಾಲೆ ಕರೆಂಟ್ ಬಂದದ್ದರ ಹಸರು ದೀಪಾನೂ ಹತ್ತೇತಿ, ಇದಕ್ಕ ಕಾಣಂಗಿಲ್ಲಂತ! "ನಿನ್ನ ಕಣ್ಣು ಹೋಗ್ಯಾವೇನು?" ಅಂತ ನಾ ಪರದೇಕ್ಕ ಬೈದೆ. ನೀಲವ್ವ, "ಅಕ್ಕ, ಅದಕ್ಕ ಕನ್ನಡ ಬರಂಗಿಲ್ಲ," ಅಂದ್ಲು. ಕಡೀಕ ಮೃಣಾಲ್ ಬಂದು ವೈರ್ ಕೈಯಾಗ ಹಿಡದು ನೋಡಿದ್ಲು. ಅದು ದತ್ತಾಜಿಯ ಮೊಬೈಲ್ ಚಾರ್ಜರಿನ ವೈರ್. ಒಳಗ ಕರೆಂಟ್ ಒಯ್ಯೋ ಎರಡ ತಂತಿ, ಮಾತು ಒಯ್ಯೋ ತಂತಿ ಇಲ್ಲ. ಊಟಕ್ಕ ಕರದು ಬಾಯಿಗೆ ಬಟ್ಟಿ ಕಟ್ಟಿದಂಗ ಆಗಿತ್ತು. ಹುಡುಗ್ಯಾರ, ಇದೊಂದು ನೆನಪಿಡ್ರಿ: ಬೋರ್ಡಿನ ಮ್ಯಾಲೆ ದೀಪ ಹತ್ತಿದ ಮಾತ್ರಕ್ಕ ವೈರ್ ಚೊಲೊ ಅಂತಲ್ಲ. ನಾ ಆಮ್ಯಾಲೆ ಮಾತಾಡೋ ವೈರಿಗೆಲ್ಲಾ ಒಂದೊಂದು ಕೆಂಪು ದಾರ ಕಟ್ಟಿಟ್ಟೆ.

ವೈರ್ ಬದಲಾತು, ಬೋರ್ಡ್ ಕಂಡಿತು. ಮೃಣಾಲ್ ಬರೂದು ತೋರಿಸಿದ್ಲು. ಎಲ್ಲಾ ಇಂಗ್ಲೀಷ ಶಬ್ದ, ಆದರ ಬೇಕಾಗಿದ್ದು ಕೈಬೆರಳಷ್ಟ. "ಕಾಕು, ಹೈ ಮ್ಹಣಜೆ ಮೋಠಂ, ಲೋ ಮ್ಹಣಜೆ ಲಹಾನ. ಮೊದಲ ಹೈ ಬರೀರಿ, ತಡೀ ಅನ್ರಿ, ಆಮ್ಯಾಲೆ ಲೋ ಬರೀರಿ, ಮತ್ತ ತಡೀ ಅನ್ರಿ. ಅದ ತಿರಗಿ ತಿರಗಿ ಮಾಡತೈತಿ." ಹೈ ಅಂದ್ರ ದೊಡ್ಡದು, ಲೋ ಅಂದ್ರ ಸಣ್ಣದು. ತಿಳೀತು. ದೀಪದ ಜೋಡಿ ದೊಡ್ಡದು ಅನ್ನೋ ಮಾತು ನಾ ಹುಟ್ಟಿದಾಗಿಂದ ಕೇಳೇನಿ, ಅದೇನು ಹೊಸಾದಲ್ಲ. ಮತ್ತ ಎರಡು ಗೀಟು ಹಾಕಿ ಅದರ ಮುಂದ ನಿಮಗ ಬೇಕಾದ್ದು ಬರಕೋರಿ, ಬೋರ್ಡ್ ಅದನ್ನ ಓದಂಗಿಲ್ಲ ಅಂದ್ಲು. ನಾ ಹೈ ಮುಂದ ಇಂಗ್ಲೀಷ ಅಕ್ಷರದಾಗ ದೊಡ್ಡದು ಮಾಡು ಅಂತ, ಲೋ ಮುಂದ ಹಚ್ಚು ಅಂತ ನಮ್ಮ ಭಾಷಾದಾಗ ಬರಕೊಂಡೆ. ಆಕಿಗೆ ಕನ್ನಡ ಬರಂಗಿಲ್ಲ, ಬೋರ್ಡ್ ಓದಂಗಿಲ್ಲ. ಕೇಳೋರು ಯಾರು?

ಕಳಿಸಿದೆ. ದೀಪ ಹತ್ತಿತು, ಹತ್ತೇ ಇತ್ತು. ಮಿಣಕ್ಕ ಅನ್ನವಲ್ದು. ಗುಡಿಯಾಗಿನ ದೇವರಂಗ ರೆಪ್ಪಿ ಬಡೀಲಾರದ ನನ್ನ ನೋಡಾಕತ್ತು. ಯಾಕಂದ್ರ ನಾ "ತಡೀ" ಅನ್ನೋ ಜಾಗಾದಾಗ ಒಂದು ಅಂತ ಬರದಿದ್ದೆ, ಒಂದು ಸೆಕೆಂಡ್ ಬೇಕಲ್ಲ ಅಂತ. ಆ ಬೋರ್ಡಿನ ಹಂತೇಕ ಸೆಕೆಂಡಿನ ಸಾವಿರ ಪಾಲಿನ ಲೆಕ್ಕ. ಅದು ಪಾಪ ಹತ್ತಿ ಬಂದ ಆಗಿ ಹತ್ತಿ ಬಂದ ಆಗಿ ಸಾಯಾಕತ್ತೈತಿ, ನನ್ನ ಕಣ್ಣಿಗೆ ಕಾಣವಲ್ದು. ಸಾವಿರ ಅಂತ ತಿದ್ದಿದೆ.

ಮಿಣಕ್!

ಅವ್ವಯ್ಯ, ಏನು ಹೇಳಲಿ! ಹತ್ತು, ಬಂದ. ಹತ್ತು, ಬಂದ. ನಾ ಹೇಳಿದ್ದನ್ನ ಅದು ಮಾಡಾಕತ್ತಿತ್ತು. ನನ್ನ ಮಾತು ಕೇಳದ ಮನಿಯಾಗ ಇಷ್ಟು ವರ್ಷ ಬಾಳ್ವಿ ಮಾಡಿದಾಕಿಗೆ ಇದೇನು ಕಡಿಮಿ ಸುಖ ಏನ್ರಿ? "ನೀಲಾ, ಬಾರ ಇಲ್ಲೆ, ನೋಡ ಇಲ್ಲೆ!" ಅಂತ ಕೂಗಿದೆ. ಎಲ್ಲಾರೂ ಬಂದ್ರು. ಚಹಾದ ಜೋಡಿ ಭಡಂಗ, ಅಂದ್ರ ಖಾರದ ಚುರಮುರಿ, ತರಿಸಿ ಹಂಚಿದೆ. ಖಾರ ಹತ್ತಿ ಎಲ್ಲಾರ ಕಣ್ಣಾಗ ನೀರು. ದತ್ತಾಜಿ ಬಂದು ನೋಡಿ ಒಂದು ಮುಕ್ಕು ಭಡಂಗ ಬಾಯಾಗ ಹಾಕ್ಕೊಂಡ್ರು. ಹಂ ಅನ್ನಲಿಲ್ಲ. "ಆಟಕ್ಕ ಅಡ್ಡಿಯಿಲ್ಲ. ಇಚಲಕರಂಜಿ ಆರ್ಡರ್ ಐತಲ್ಲ, ಅದನ್ನ ಈಕಿ ಒಬ್ಬಾಕೀನ ಬರದು ನಡಸಿ ತೋರಸಲಿ. ನಡದ್ರ ಬೆಂಚು, ಇಲ್ಲಂದ್ರ ಪ್ಯಾಕಿಂಗ್." ಮೃಣಾಲ್ ನನ್ನ ಮುಖ ನೋಡಿದ್ಲು. "ಆತ್ರಿ," ಅಂದೆ. ಬ್ಯಾರೆ ಏನು ಅನ್ನಾಕ ಬರತಿತ್ತು?

ಇಚಲಕರಂಜಿ ಆರ್ಡರ್ ಅಂದ್ರ ಅಪ್ಪಾಸಾಹೇಬರದು. ಹಳೇ ಮಗ್ಗದ ಕಾರಖಾನಿ, ಮನಿಮಾತು ಕನ್ನಡ, ಎತ್ತರದ ಆಳು, ನಗೂದೂ ಎತ್ತರದ ದನಿಲೆ. ಅವರ ತ್ರಾಸ ಏನಂದ್ರ, ಒಬ್ಬೊಬ್ಬ ನೇಕಾರಗ ನಾಲ್ಕಾರು ಮಗ್ಗ. ಖಟಾಖಟಾ ಸಪ್ಪಳದಾಗ ಯಾವ ಮಗ್ಗದಾಗ ಎಳಿ ಹರೀತು ಅಂತ ತಿಳಿಯಂಗಿಲ್ಲ, ಬಟ್ಟಿ ಕೆಟ್ಟು ಹೋಗತೈತಿ. ಅದಕ್ಕ ಪ್ರತಿ ಮಗ್ಗದ ಮ್ಯಾಲೆ ಒಂದು ಕೋಲು, ಕೋಲಿನ ತುದೀಗೆ ಕೆಂಪು ದೀಪ. ಎಳಿ ಹರದ್ರ ದೀಪ ಹತ್ತಬೇಕು. ಎಳಿ ಸರಿ ಇದ್ರ ದೀಪ ಬಂದ ಇರಬೇಕು. ಎಳಿ ಐತೋ ಇಲ್ಲೋ ಅಂತ ಹೇಳೋ ಕಣ್ಣು ಅವರ ಮಗ್ಗಕ್ಕ ಇತ್ತು. ಆ ಕಣ್ಣಿನ ಮಾತು ಕೇಳಿ ದೀಪಕ್ಕ ಹುಕುಂ ಕೊಡೂದು ನಮ್ಮ ಬೋರ್ಡಿನ ಕೆಲಸ, ಆ ಹುಕುಂ ಬರಿಯೂದು ನನ್ನ ಕೆಲಸ.

ಬರದೆ. ಮನಿಯಾಗ ರೊಟ್ಟಿ ಬಡಿಯುವಾಗ ಅದ, ಬಸ್‌ನಾಗ ಅದ. ಎಳಿ ಇದ್ರ ದೊಡ್ಡದು ಮಾಡು, ಎಳಿ ಇಲ್ಲಂದ್ರ ಹಚ್ಚು. ಎಳಿ ಇದ್ರ ಹೈ, ಇಲ್ಲಂದ್ರ ಲೋ. ಬೆಂಚಿನ ಮ್ಯಾಲೆ ಮಗ್ಗ ಎಲ್ಲೈತಿ? ಒಂದು ಗುಂಡಿ ಕೂಡ್ರಿಸಿ ಒತ್ತಿ ನೋಡಿದೆ. ಒತ್ತಿದ್ರ ದೀಪ ಬದಲಾತು, ಬಿಟ್ರ ಮತ್ತ ಬದಲಾತು. ಒತ್ತೂದು ಎಳಿ ಇದ್ದಂಗೋ ಎಳಿ ಹರದಂಗೋ ಅಂತ ನಾನೂ ಕೇಳಲಿಲ್ಲ, ಯಾರೂ ಕೇಳಲಿಲ್ಲ. ಮೃಣಾಲ್ ಬಂದು ಒತ್ತಿ ನೋಡಿ "ವಾಹ್ ಕಾಕು" ಅಂದ್ಲು. ಎಲ್ಲಾ ಬೋರ್ಡಿಗೂ ಅದನ್ನ ತುಂಬಿ, ಡಬ್ಬಿಯಾಗ ಹಾಕಿ, ಜೀಪಿನಾಗ ಇಟಗೊಂಡು ಹೊಂಟ್ವಿ. ಜೀಪಿನಾಗ ನಾನು, ಮೃಣಾಲ್, ಮತ್ತ ಮುಂದ ಕುಂತ ದತ್ತಾಜಿ.

ನಮ್ಮ ಊರು, ನನಗ ಗುರ್ತಿದ್ದ ಓಣಿ. ಮನಿ ಮಂದಿಗೆ ಸುದ್ದಿ ಹೇಳಿರಲಿಲ್ಲ, ಕೆಲಸ ಆದ ಮ್ಯಾಲೆ ಹೇಳಬೇಕಂತ. ಕಾರಖಾನಿಯಾಗ ಕೋಲು ನಿಂದ್ರಿಸಿ, ದೀಪ ಕೂಡ್ರಿಸಿ, ಬೋರ್ಡ್ ಹಚ್ಚಿ ಮುಗಿಸೂದ್ರಾಗ ಮಧ್ಯಾಹ್ನ ಆತು. ಅಪ್ಪಾಸಾಹೇಬರು ಕುಂಕುಮ, ಊದಿನಕಡ್ಡಿ, ಟೆಂಗಿನಕಾಯಿ ತರಿಸಿದ್ರು. ದತ್ತಾಜಿ ಕಾಯಿ ಕೈಯಾಗ ತಗೊಂಡು ಮೊದಲನೇ ಮಗ್ಗದ ಮುಂದ ಒಡದ್ರು, ಸರಿಯಾಗಿ ಎರಡು ಹೋಳಾತು. "ಚೊಲೊ ಶಕುನ," ಅಂದ್ರು ಅಪ್ಪಾಸಾಹೇಬರು. ನಾ ಮನಸಿನಾಗ ಪದ್ಮಾವತಿ ದೇವಿನ್ನ ನೆನಸಿ ಮೇನ್ ಸ್ವಿಚ್ ಹಾಕಿದೆ. ನೇಕಾರರು ಮಗ್ಗ ಸುರು ಮಾಡಿದ್ರು.

ಎಲ್ಲಾ ಕೆಂಪು ದೀಪ ಒಮ್ಮೆಲೆ ಹತ್ತಿದು.

ಒಂದಲ್ಲ, ಎರಡಲ್ಲ, ಈ ತುದಿಯಿಂದ ಆ ತುದಿ ತನಕ. ಕೆಂಪು ದೀಪ ಹತ್ತಿದ್ರ ಮಗ್ಗ ನಿಂದ್ರಸಬೇಕಂತ ಅಪ್ಪಾಸಾಹೇಬರು ನೇಕಾರರಿಗೆ ಮುಂಜಾನೆ ಹೇಳಿದ್ರು. ಹೇಳಿದ ಮಾತು ಕೇಳೋ ಮಂದಿ ಅವರು. ಒಬ್ಬರಾದ ಮ್ಯಾಲೆ ಒಬ್ಬರು ನಿಂದ್ರಿಸಿದ್ರು. ಅಷ್ಟು ದೊಡ್ಡ ಕಾರಖಾನಿಯಾಗ ಗಪ್ ಅಂತು. ಆ ಕಾರಖಾನಿಯಾಗ ಹಗಲೊತ್ತಿನಾಗ ಇಂಥಾ ಶಾಂತ ಎಂದೂ ಕಂಡಿಲ್ಲಂತ ಒಬ್ಬ ನೇಕಾರ ಅಂದದ್ದು ಎಲ್ಲಾರಿಗೂ ಕೇಳಿಸ್ತು. ಅಪ್ಪಾಸಾಹೇಬರು ಒಂದು ಮಗ್ಗ ಸುರು ಮಾಡಿಸಿ, ಕೈಲೆ ಎಳಿ ಹರದು ನೋಡಿದ್ರು. ದೀಪ ಬಂದ ಆತು. ಎಳಿ ಕೂಡಿಸಿದ್ರು, ಹತ್ತಿತು.

"ಉಲಟಾ," ಅಂದ್ರು ದತ್ತಾಜಿ. ಅಷ್ಟ ಅಂದ್ರು. ಮುಂದಿಂದು ಪ್ಯಾಕಿಂಗ್ ಅಂತ ಅವರ ಹುಬ್ಬ ಹೇಳಿತು. ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು? ಎಲ್ಲೋ ಅಡಗಿ ಕುಂತಿದ್ದ ತಪ್ಪು ಹೊರಗ ಬರಾಕ ನನ್ನ ಊರನ, ನನ್ನ ಓಣೀನ ಆರಿಸಿಕೊಂಡಿತ್ತು.

ಮೃಣಾಲ್ ಮಾತ್ರ ಸಿಟ್ಟಾಗಲಿಲ್ಲ. ಲ್ಯಾಪ್‌ಟಾಪ್ ತಗದು ನೂಲಿನ ಗಂಟಿನ ಮ್ಯಾಲೆ ಇಟ್ಟು ನನ್ನ ಬಾಜು ಕುಂತ್ಲು.

"ಕಾಕು, ಎಳಿ ಇದ್ದಾಗ ದೀಪ ಹೆಂಗಿರಬೇಕು?"

"ಬಂದ ಇರಬೇಕು."

"ಮತ್ತ ಇಲ್ಲಿ ಹೈ ಯಾಕ ಬರದೀರಿ?"

"ಬಂದ ಇರಬೇಕಲ್ಲ, ಅದಕ್ಕ."

"ಹೈ ಅಂದ್ರ ಏನ್ರಿ ಕಾಕು?"

"ನೀವ ಹೇಳೀರಲ್ಲ, ಮೋಠಂ. ದೊಡ್ಡದು ಮಾಡೂದು."

"ಹೌದ್ರಿ, ದೊಡ್ಡದು. ದೊಡ್ಡದು ಮಾಡಿದ್ರ ಹತ್ತತೈತಲ್ಲ?"

"ದೊಡ್ಡದು ಮಾಡಿದ್ರ ಹೆಂಗ ಹತ್ತತೈತ್ರಿ? ದೊಡ್ಡದು ಮಾಡಿದ್ರ ಹೋತಲ್ಲ ಅದು!"

ಆಕಿ ನನ್ನ ಮುಖ ನೋಡ್ತಾಳ, ನಾ ಆಕಿ ಮುಖ ನೋಡ್ತೇನಿ. ಇಬ್ಬರೂ ಸೊಚ್ಚ ಮರಾಠಿ ಮಾತಾಡಾಕತ್ತೀವಿ, ಒಬ್ಬರದು ಒಬ್ಬರಿಗೆ ತಿಳಿವಲ್ದು. ನಾ ಸಿಟ್ಟಿಗೆದ್ದು ಪರದೇದ ಮ್ಯಾಲೆ ಬೆರಳು ಕುಕ್ಕಿ, ನಾ ಬರಕೊಂಡಿದ್ದನ್ನ ಕನ್ನಡದಾಗ ಜೋರಾಗಿ ಓದಿದೆ: "ನೋಡ್ರಿ, ಇಲ್ಲೆ ದೀಪ ದೊಡ್ಡದು ಮಾಡು. ಇಲ್ಲೆ ದೀಪ ಹಚ್ಚು!"

ಹಿಂದ ನಿಂತಿದ್ದ ಅಪ್ಪಾಸಾಹೇಬರು ಹೋ ಅಂತ ನಕ್ಕರು. ಹೊಟ್ಟಿ ಹಿಡಕೊಂಡು ಮಗ್ಗಕ್ಕ ಆತುಗೊಂಡು ನಕ್ಕರು. ನೇಕಾರರೆಲ್ಲಾ ಬಂದು ಸುತ್ತುಗಟ್ಟಿದ್ರು. ನಗು ಇಳದ ಮ್ಯಾಲೆ ಅವರ ಮೃಣಾಲ್‌ಗೆ ಬಿಡಿಸಿ ಹೇಳಿದ್ರು. ನಮ್ಮ ಮನಿಯೊಳಗ ದೀಪ ಆರಸು ಅಂತ ಬಾಯಿ ಬಿಟ್ಟು ಅನ್ನಂಗಿಲ್ಲ, ಅಶುಭ. ದೇವರ ಮುಂದಿಂದಿರಲಿ, ಕಂದೀಲ ಇರಲಿ, ಆರಸೂದಿದ್ರ ದೊಡ್ಡದು ಮಾಡು ಅಂತೀವಿ. ನಮ್ಮವ್ವ, ನಮ್ಮತ್ತಿ, ಓಣಿಯಾಗಿನ ಎಲ್ಲಾ ಹೆಣ್ಣಮಕ್ಕಳು ಅನ್ನೂದು ಅದ. ಈ ಹೆಣ್ಣಮಗಳು ದೀಪಕ್ಕ ಹೈ ಅಂದಾಳಂದ್ರ ಆರಿಸ್ಯಾಳ!

ಹೌದಲ್ಲ! ನನಗ ಅದು ಒಂದು ಸರ್ತಿಯೂ ತಲೀಗೆ ಬಂದಿದ್ದಿಲ್ಲ. ದೊಡ್ಡದು ಮಾಡು ಅಂದ್ರ ಆರಸು ಅನ್ನೂದು ನನಗ ಅರ್ಥ ಅಲ್ಲ, ಅದು ನನ್ನ ಉಸಿರು.

ದತ್ತಾಜಿ ಮಾತ್ರ ಬಿಡಲಿಲ್ಲ. "ದಿವಾ ಮೋಠಾ ಮ್ಹಣಜೆ ಬಂದ? ಇದೆಂಥಾದ್ದು? ದೊಡ್ಡದು ಅಂದ್ರ ಆರಿಸೂದು ಅನ್ನೋ ಭಾಷಾ ಎಲ್ಲಿಯಾದ್ರೂ ಇರತೈತೇನು?"

ಅಪ್ಪಾಸಾಹೇಬರು ನೆಲದ ಮ್ಯಾಲೆ ಬಿದ್ದ ಕಾಯಿ ಹೋಳು ತೋರಿಸಿದ್ರು. "ದತ್ತಾಜಿ, ನೀವು ಈಗ ಈ ನಾರಳಕ್ಕ ಏನ್ ಮಾಡಿದ್ರಿ?"

"ನಾರಳ ವಾಢವಲಾ," ಅಂದ್ರು ದತ್ತಾಜಿ, ಅಷ್ಟೂ ತಿಳಿಯಂಗಿಲ್ಲೇನು ಅನ್ನೋಹಂಗ.

"ವಾಢವಲಾ ಅಂದ್ರ ಬೆಳಸಿದ್ರಿ, ಹೌದಲ್ಲೊ? ಎಲ್ಲಿ ಬೆಳದೈತ್ರಿ ಅದು? ಕಲಂಗಡಿ ಆಗೇತೇನು? ಎರಡು ಹೋಳಾಗಿ ಬಿದ್ದೈತಲ್ಲ!"

ಈಗ ಮೃಣಾಲ್ ನಕ್ಕಳು. ಏನು ನಗು ಅದು! ಲ್ಯಾಪ್‌ಟಾಪ್ ನೂಲಿನ ಗಂಟಿನ ಮ್ಯಾಲಿಂದ ಜಾರಿ ಬೀಳತಿತ್ತು, ಒಬ್ಬ ನೇಕಾರ ಹಿಡದ. ಮರಾಠ್ಯಾರು ಕಾಯಿ ಒಡದ್ವಿ ಅನ್ನಂಗಿಲ್ಲ, ವಾಢವಲಾ ಅಂತಾರ, ಬೆಳಸಿದ್ವಿ ಅಂತ. ಹುಟ್ಟಿದಾಗಿಂದ ಅಂದಾರ, ಎಂದೂ ಯೋಚನಿ ಮಾಡಿಲ್ಲ. ದತ್ತಾಜಿ ಕಾಯಿ ನೋಡಿದ್ರು, ದೀಪ ನೋಡಿದ್ರು. ಅವರ ಮೀಸಿ ಎರಡು ಸಲ ಅಲಗಾಡ್ತು. ನಗು ಅಂತ ನಾ ಅನ್ನಂಗಿಲ್ಲ, ಆದರ ಹಾಲು ಉಕ್ಕಿದ ಮುಖ ಅಲ್ಲ ಅದು.

"ಆದರ ಮೊದಲನೇ ದಿನ ಬ್ಲಿಂಕ್ ಮಾಡಿದಾಗ ಇದು ಯಾಕ ಸಿಗಲಿಲ್ಲ?" ಅಂತ ಮೃಣಾಲ್ ತನ್ನಷ್ಟಕ್ಕ ಅಂದ್ಲು. ತಾನ ಉತ್ತರಾನೂ ಹೇಳಿದ್ಲು. ಒಂದು ಸೆಕೆಂಡ್ ಹತ್ತು, ಒಂದು ಸೆಕೆಂಡ್ ಬಂದ. ತಿರುವಿ ಹಾಕಿದ್ರೂ ಅಷ್ಟ. ಹೈ ಅಂದ್ರ ಹತ್ತೂದು ಅಂತ ತಿಳದಾಕಿ ಬರದ್ರೂ ಮಿಣಕತೈತಿ, ಆರೂದು ಅಂತ ತಿಳದಾಕಿ ಬರದ್ರೂ ಮಿಣಕತೈತಿ. "ನಾ ಅದನ್ನ ನೋಡಿ ಪಾಸ್ ಮಾಡಿದೆ. ಗುಂಡಿ ಒತ್ತಿದಾಗಲೂ ಹಂಗ ಮಾಡಿದೆ. ಇದ್ರಾಗ ನಂದೂ ಪಾಲೈತಿ," ಅಂತ ದತ್ತಾಜಿಗೆ ಕೇಳೋಹಂಗ ಹೇಳಿದ್ಲು. ಲ್ಯಾಪ್‌ಟಾಪ್ ನನ್ನ ಕಡೆ ತಿರುವಿದ್ಲು. "ಕಾಕು, ತುಮ್ಹೀಚ ಬದಲಾ." ನೀವ ಬದಲ ಮಾಡ್ರಿ ಅಂದ್ಲು.

"ಮ್ಯಾಡಂ, ನೀವ ಮಾಡಿಬಿಡ್ರಿ, ಹೊತ್ತಾತು," ಅಂದ್ರು ದತ್ತಾಜಿ.

"ಇಲ್ರಿ, ಈಕೀನ ಮಾಡ್ಲಿ," ಅಂದ್ರು ಅಪ್ಪಾಸಾಹೇಬರು. "ಮಗ್ಗ ನಿಂತದ್ದು ನಂದು, ನನಗ ಗಡಿಬಿಡಿ ಇಲ್ಲ."

ಹೈ ಇದ್ದಲ್ಲಿ ಲೋ, ಲೋ ಇದ್ದಲ್ಲಿ ಹೈ. ಅಷ್ಟ ಕೆಲಸ, ಆದರ ಅಷ್ಟು ಮಂದಿ ಹೆಗಲ ಮ್ಯಾಲಿಂದ ಬಗ್ಗಿ ನೋಡುವಾಗ ಅಕ್ಷರ ಹುಡಕಾಕ ಸೈತ ಬೆರಳು ಬರವಲ್ಲವು. ಬರದ ಮ್ಯಾಲೆ ಒಂದೊಂದ ಮಗ್ಗಕ್ಕ ಹೋಗಿ ಬೋರ್ಡ್ ಬಿಚ್ಚಿ, ಕೆಂಪು ದಾರದ ವೈರ್ ಹಚ್ಚಿ, ಹೊಸಾದು ತುಂಬಿದೆ. ತುಂಬಿದಂಗ ತುಂಬಿದಂಗ ನೇಕಾರ ಮಗ್ಗ ಸುರು ಮಾಡಾಂವ, ಖಟಾಖಟಾ ಅನ್ನೂದು, ಮ್ಯಾಲಿನ ಕೆಂಪು ದೀಪ ದೊಡ್ಡದಾಗೂದು. ದೀಪ ಹೋದದ್ದಕ್ಕ ಇಷ್ಟು ಸಂತೋಷಪಟ್ಟ ಹೆಂಗಸು ನಮ್ಮ ವಂಶದಾಗ ಮತ್ತೊಬ್ಬಾಕಿ ಇರಲಿಕ್ಕಿಲ್ಲ. ಸಾಲು ಪೂರಾ ನಡಿಯಾಕತ್ತಿದ ಮ್ಯಾಲೆ ಅಪ್ಪಾಸಾಹೇಬರು ನಡಬರಕಿನ ಒಂದು ಮಗ್ಗದ ಎಳಿ ಹರದ್ರು. ಅದರ ದೀಪ ಒಂದ ಹತ್ತಿತು. ನೇಕಾರ ಓಡಿ ಬಂದ.

ಹೊಂಡುವಾಗ ಅಪ್ಪಾಸಾಹೇಬರು ದತ್ತಾಜಿಗೆ ಹೇಳಿದ್ರು: "ಮುಂದ ಏನರ ಕೆಟ್ರ ಈ ಬಾಯಾರನ್ನ ಕಳಸ್ರಿ. ಹೆಂಗ ತಪ್ಪಿದ್ಲು ಅಂತ ನನಗ ತಿಳೀತು, ಹೆಂಗ ತಿದ್ದಿದ್ಲು ಅಂತಾನೂ ತಿಳೀತು. ನನಗ ಅಷ್ಟು ಸಾಕು." ಜೀಪಿನಾಗ ಮೃಣಾಲ್ ಹಾದಿ ತುಂಬ ಮಾತಾಡಿದ್ಲು. ನಾಳಿಯಿಂದ ನಮ್ಮ ಬೆಂಚಿನ ಮ್ಯಾಲೆ ಮೊದಲನೇ ಬ್ಲಿಂಕ್ ಪುಸ್ತಕದಾಗಿನ ಹಂಗ ಬ್ಯಾಡ, ದೀಪ ಭಾಳ ಹೊತ್ತು ಹತ್ತಬೇಕು, ಚೂರು ಹೊತ್ತು ಬಂದ ಇರಬೇಕು, ಆಗ ಉಲಟಾ ಬರದವರು ಅಲ್ಲೇ ಸಿಗತಾರ ಅಂದ್ಲು. ಹುಡುಗ್ಯಾರ, ನಿಮ್ಮ ಬೋರ್ಡ್ ಯಾಕ ಹಂಗ ಕುಂಟಗಾಲಿನ ಹಂಗ ಮಿಣಕತೈತಿ ಅಂತ ಕೇಳ್ತಿದ್ರಲ್ಲ, ಇದಕ್ಕ. ಬ್ಯಾರೆ ಕಂಪನಿಯಾಗ ಹಂಗ ಕಲಿಸಂಗಿಲ್ಲಂತ. ಕಲಿಸದಿದ್ರ ಅವರ ಪುಣ್ಯಾ.

ಟೇಬಲ್ಲ ನಂದು ಉಳೀತೋ ಇಲ್ಲೋ ಅಂತ ಮಾತ್ರ ಜೀಪಿನಾಗ ಯಾರೂ ಹೇಳಲಿಲ್ಲ.

ಮರುದಿನ ಮುಂಜಾನೆ ಹೋಗಿ ನೋಡ್ತೇನಿ, ಬೆಂಚಿನ ಮುಂದ ನನ್ನ ಸ್ಟೂಲ್ ಇಲ್ಲ. ನೀಲವ್ವ ನೆಲ ನೋಡಿದ್ಲು. ನಾವು ಇಚಲಕರಂಜಿಗೆ ಹೊಂಟ ಮ್ಯಾಲೆ ದತ್ತಾಜಿ ಹೇಳಿಟ್ಟು ಹೋಗಿದ್ದಂಗ ಅದನ್ನ ಪ್ಯಾಕಿಂಗಿಗೆ ಒಯ್ದಿದ್ರು, ಜಾಗಾ ಖಾಲಿ ಇರಲಿ ಅಂತ. ನಾ ಚೀಲ ಕೆಳಗಿಡಲಾರದ ಹಂಗ ನಿಂತೆ. ಹಿಂದಿನಿಂದ ದತ್ತಾಜಿ ದನಿ ಬಂತು.

"ಸ್ಟೂಲ್ ತರಸ್ತೇನಿ. ಶಿಪಾಯಿ ಬರ್ಲಿ."

ನಾ ತಿರುಗಿ ನೋಡಿದೆ. ಅವರು ಕಿಡಕಿ ಕಡೆ ನೋಡಾಕತ್ತಿದ್ರು. ಆಮ್ಯಾಲೆ ಭಾಳ ಸಣ್ಣ ದನಿಲೆ, ನನಗೊಬ್ಬಾಕಿಗೆ ಕೇಳೋಹಂಗ, "ಹಂ," ಅಂದ್ರು.

"ಶಿಪಾಯಿ ಯಾಕ್ರಿ? ನನ್ನ ಸ್ಟೂಲ್ ನಾನ ತರತೇನಿ," ಅಂದೆ. ಪ್ಯಾಕಿಂಗಿಗೆ ಹೋಗಿ, ಥರ್ಮಾಕೋಲ್ ನಡುವ ಕುಂತಿದ್ದ ಅದನ್ನ ಎತ್ತಿ ಬಗಲಾಗ ಇಟಗೊಂಡು, ಇಡೀ ಶಾಪಿನ ನಡಬರಕ, ಎಲ್ಲಾರ ಕಣ್ಣ ಮುಂದ, ಬೇಕಂತನ ಸಾವಕಾಶ ನಡಕೊಂಡು ಬಂದೆ. ಕೂಸನ್ನ ಸಾಲಿಯಿಂದ ಕರಕೊಂಡು ಬಂದಂಗ ಆಗಿತ್ತು ನನಗ. ಬೆಂಚಿನ ಮುಂದ ಇಟ್ಟು ಕುಂತೆ. ಹೊಸಾ ಬೋರ್ಡ್ ತಗೊಂಡೆ. ಕಣ್ಣ ತುಂಬ ನೀರು ಬಂದು ಬೋರ್ಡ ಕಾಣವಲ್ದು. ಒರಸಿಕೊಂಡ್ರ ಮತ್ತ ಬರ್ತಾವು.

"ಸೋಲ್ಡರಿಂಗ್ ಹೊಗಿ, ಕಣ್ಣಾಗ ಹೋತು," ಅಂದೆ, ಯಾರೂ ಕೇಳಲಾರದ.

ನೀಲವ್ವ ನನ್ನ ಮುಖ ನೋಡಿದ್ಲು, ಟೇಬಲ್ಲ ನೋಡಿದ್ಲು, ಇಡೀ ಶಾಪಿಗೆ ಕೇಳೋಹಂಗ ಅಂದ್ಲು: "ಪದ್ಮಕ್ಕ, ಸೋಲ್ಡರಿಂಗ್ ಗನ್ ಇನ್ನೂ ಪ್ಲಗ್ಗಿಗೆ ಹಚ್ಚೇ ಇಲ್ಲಲ್ಲ!"